ಮಲೆನಾಡಿನ ಮನೆಯ ಗವಾಕ್ಷ

ಮನುಷ್ಯನು ಮನೆಯೊಳಗೆ ಹೋಗಿಬರಲು ಬಾಗಿಲೊಂದಿದ್ದರೆ ಸಾಕು. ಗಾಳಿ ಬೆಳಕುಗಳು ಹೋಗಿಬರಲು ಬೇರೊಂದು ದಾರಿ ಬೇಕು. ಈ ದಾರಿಗೆ ಸಂಸ್ಕೃತದಲ್ಲಿ ಎರಡು ಹೆಸರುಗಳು ಪ್ರಸಿದ್ಧವಾಗಿವೆ. ಅಮರಸಿಂಹನು ತನ್ನ ಕೋಶದ ಪುರವರ್ಗದಲ್ಲಿ ವಾತಾಯನ, ಗವಾಕ್ಷ ಎಂಬ ಎರಡನ್ನೂ ಜೊತೆಯಾಗಿಯೇ ಹೇಳಿರುವನು. ವಾತಾಯನವೆಂದರೆ ಗಾಳಿಯ ಮಾರ್ಗ. ಗವಾಕ್ಷವೆಂದರೆ ಗೋವಿನ ಕಣ್ಣು. ಗೋ ಶಬ್ದಕ್ಕೆ ಅಕ್ಷ ಶಬ್ದವು ಸೇರಿ ಈ ರೂಪವಾಗುವ ಬಗೆಯನ್ನು, ಸ್ಫೋಟಾಯನನೆಂಬ ಪೂರ್ವಾಚಾರ್ಯನ ಹೆಸರನ್ನೆತ್ತಿ ಪಾಣಿನಿಯು ರಚಿಸಿರುವ ಸೂತ್ರದಿಂದ ವೈಯಾಕರಣರು ಸಾಧಿಸುವರು. ಕನ್ನಡದ ಬೆಳಕಿಂಡಿ ಎಂಬ ಮಾತಿನಲ್ಲಿ ಬೆಳಕೂ ಕಿಂಡಿಯೂ ಕೂಡಿವೆ. ಇಂದು ಎಲ್ಲರ ಬಾಯಲ್ಲಿರುವ ಕಿಟಕಿಯು ಉತ್ತರದೇಶದ ಭಾಷೆಗಳ ಖಿಡಕಿಯ ಬಂಧು. ಇಂಗ್ಲಿಷರ ವಿಂಡೋ ಶಬ್ದವೂ ಪ್ರಾಚೀನ ನಾರ್ವೆ ದೇಶದ ನುಡಿಯಿಂದ ಬಂದುದಾಗಿ, ಅದಕ್ಕೆ 'ಗಾಳಿಯ ಕಣ್ಣು' ಎಂಬುದೇ ಮೂಲಾರ್ಥವೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿರುವರು. ದೂರದೂರದ ಜನರು ಒಂದೇ ವಸ್ತುವನ್ನು ನೋಡಿ ಗಾಳಿಯನ್ನೂ ಕಣ್ಣನ್ನೂ ಸ್ಮರಿಸಿದುದು ವಿಚಾರಾರ್ಹವಾದ ಸಂಗತಿ.

ಈ ಹೆಸರುಗಳಿಂದಲೇ ಕಿಟಕಿಯ ಕಾರ್ಯಗಳೆಷ್ಟೆಂಬುದು ತಿಳಿಯುವುದು. ಗಾಳಿಯನ್ನು ಬರಮಾಡುವುದು ಒಂದು. ಬೆಳಕನ್ನು ಬರಮಾಡುವುದು ಎರಡು. ಒಳಗಿರುವವರಿಗೆ ಹೊರಗನ್ನು ಕಾಣಿಸುವುದು ಮೂರು. ರಘುವಂಶದ ಏಳನೆಯ ಸರ್ಗದಲ್ಲಿ ಅಜನನ್ನು ನೋಡಲು ಪುರಸ್ತ್ರೀಯರು ಕೆಲಸವನ್ನು ಅರ್ಧಕ್ಕೆ ಬಿಟ್ಟು ಗವಾಕ್ಷಗಳಿಗೆ ಓಡಿಬರುವುದು ಈ ಮೂರನೆಯ ಕಾರ್ಯಕ್ಕೆ ದೃಷ್ಟಾಂತ. ಘಟ್ಟದ ಕೆಳಗೆ ಉಡುಪಿಯಲ್ಲಿ ಭಕ್ತರು ಇಂದಿಗೂ ಕಿಂಡಿಯ ಮೂಲಕವೇ ಶ್ರೀಕೃಷ್ಣನ ದರ್ಶನ ಮಾಡುವರು. ಇವುಗಳೊಡನೆ ಹೇಳದೆ ಬಿಟ್ಟ ನಾಲ್ಕನೆಯದೊಂದಿದೆ. ಮಳೆ, ಚಳಿ, ಕಳ್ಳ, ಕಾಡುಮೃಗ ಇವು ಒಳಗೆ ಬಾರದಂತೆ ತಡೆಯುವುದೂ ಕಿಟಕಿಯ ಹೊಣೆಯೇ. ಮೊದಲಿನ ಮೂರಕ್ಕೆ ಕಿಟಕಿಯು ದೊಡ್ಡದಾಗಬೇಕು, ನಾಲ್ಕನೆಯದಕ್ಕೆ ಚಿಕ್ಕದಾಗಬೇಕು. ಹಾಸನ ಜಿಲ್ಲೆಯ ಪಶ್ಚಿಮದಲ್ಲಿ ಸಕಲೇಶಪುರ ಆಲೂರುಗಳ ಗುಡ್ಡಗಾಡಿನಲ್ಲಿ ಮನೆ ಕಟ್ಟಿದವರು ಈ ವಿರೋಧವನ್ನು ಕಾಲಕಾಲಕ್ಕೆ ಹೇಗೆ ಪರಿಹರಿಸಿಕೊಂಡರೆಂಬುದೇ ಆ ನಾಡಿನ ಕಿಟಕಿಯ ಚರಿತ್ರೆ. ಮಿತವಾದ ದ್ರವ್ಯದಲ್ಲಿ ಇಂದು ಹೊಸ ಮನೆ ಕಟ್ಟಲು ಹೊರಟ ಗೃಹಸ್ಥರಿಗೆ ಆ ಚರಿತ್ರೆಯಿಂದ ಪ್ರಯೋಜನವೂ ಉಂಟು.

ಈ ಪ್ರಾಂತದಲ್ಲಿ ಉಳಿದುಬಂದಿರುವ ಪುರಾತನವಾದ ಗವಾಕ್ಷಗಳನ್ನು ನೋಡಬೇಕಾದರೆ ನೆರೆಯ ಬೇಲೂರಿಗೆ ಹೋಗಬೇಕು. ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ನವರಂಗವು ಮೊದಲು ತೆರೆದ ಮಂಟಪವಾಗಿದ್ದಿತು. ಅವನ ಮೊಮ್ಮಗನಾದ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ರಕ್ಷಣೆಗೋಸ್ಕರ ಕಂಬಗಳ ನಡುವೆ ಕಲ್ಲಿನ ಜಾಲಂಧ್ರಗಳನ್ನೂ ಬಾಗಿಲುಗಳನ್ನೂ ಇಡಿಸಿದರು. ಕೆಲವು ಜಾಲಂಧ್ರಗಳಲ್ಲಿ ಪುರಾಣಕಥೆಗಳೂ, ಪೂರ್ವದ್ವಾರದ ಪಕ್ಕದಲ್ಲಿ ರಾಜಸಭೆಯ ಚಿತ್ರಗಳೂ ಕೆತ್ತಲ್ಪಟ್ಟಿವೆ. ಉಳಿದವು ಬಳ್ಳಿ ನಕ್ಷತ್ರಗಳ ಆಕಾರದಲ್ಲಿ ರಂಧ್ರಗಳನ್ನುಳ್ಳವು. ಒಳಹೊಕ್ಕವರಿಗೆ ಮೊದಲು ಕತ್ತಲೆಯಲ್ಲದೆ ಬೇರೇನೂ ತೋರದು. ಸ್ವಲ್ಪ ಹೊತ್ತಿನ ಮೇಲೆ ಕಂಬಗಳು ಒಂದೊಂದಾಗಿ ಕಾಣಿಸಿಕೊಳ್ಳುವುವು. ತೆರೆದಿದ್ದ ಮಂಟಪವನ್ನು ಭದ್ರಗೊಳಿಸುವಾಗ ಬೆಳಕನ್ನು ತೆತ್ತು ರಕ್ಷಣೆಯನ್ನು ಪಡೆದರು. ಮಯಮತವೆಂಬ ಶಿಲ್ಪಗ್ರಂಥವು ಜಾಲಕಗಳ ಭೇದಗಳನ್ನೆಣಿಸುವಾಗ ಗವಾಕ್ಷದ ಜೊತೆಗೆ ಕುಂಜರಾಕ್ಷ, ಎಂದರೆ ಆನೆಯ ಕಣ್ಣು, ಎಂಬುದನ್ನೂ ಹೇಳುವುದು. ದೊಡ್ಡ ದೇಹಕ್ಕೆ ಸಣ್ಣ ಕಣ್ಣಾದ ಆನೆಯ ಹೋಲಿಕೆಯು ಮುಂದೆ ಹೇಳಲಿರುವ ಮಲೆನಾಡಿನ ಮನೆಗೂ ಒಪ್ಪುವಂತಹುದು.

ದೇವಾಲಯಕ್ಕೆ ಕಲ್ಲಿನ ಜಾಲವಾದರೆ, ಬೆಟ್ಟದ ಮನೆಗಳಿಗೆ ಮಣ್ಣಿನ ದಪ್ಪ ಗೋಡೆಯೂ ಹುಲ್ಲಿನ ಹೊದಿಕೆಯೂ ಆಸರೆಯಾಗಿದ್ದುವು. ಈ ನಾಡಿಗೆ ಪೂರ್ವದಲ್ಲಿ ಬಲಂ ಎಂದು ಹೆಸರು. ಐಗೂರಿನ ಪಾಳೆಯಗಾರರು ಇದನ್ನಾಳುತ್ತಿದ್ದರು. ಇಲ್ಲಿ ನೈರುತ್ಯದ ಮಾರುತವು ಘಟ್ಟವನ್ನೇರಿ ಬಂದು ಆರಿದ್ರಾ ಮಳೆಯಿಂದ ಮಖೆಯವರೆಗೆ ಬಿಡುವಿಲ್ಲದೆ ಸುರಿಯುವುದು. ಘಟ್ಟದ ಅಂಚಿನಲ್ಲಿ ವರ್ಷಕ್ಕೆ ೧೦೦ ಅಂಗುಲವನ್ನು ಮೀರುವ ಮಳೆಯು ಪೂರ್ವಕ್ಕೆ ಆಲೂರಿನ ಕಡೆ ಇಳಿದಂತೆ ಬೇಗಬೇಗನೆ ಕಡಮೆಯಾಗುವುದು. ಗಾಳಿಯೊಡನೆ ಅಡ್ಡಲಾಗಿ ಹೊಡೆಯುವ ಮಳೆಗೆ ಮಣ್ಣಿನ ಗೋಡೆಯು ನಿಲ್ಲಬೇಕಾದರೆ ಸೂರು ಕೆಳಕ್ಕೆ ಇಳಿದಿರಬೇಕು. ಸೂರು ಇಳಿದರೆ ಅದರ ಕೆಳಗಿನ ಕಿಟಕಿಗೆ ಬೆಳಕು ದಕ್ಕದು. ಆದುದರಿಂದ ಹೊರಗೋಡೆಗಳಲ್ಲಿ ಮರದ ಸಲಾಕೆಗಳನ್ನಿಟ್ಟ ಒಂದೆರಡು ಕಿರುಗಿಂಡಿಗಳನ್ನು ಮಾತ್ರ ಬಿಡುತ್ತಿದ್ದರು. ಅನುಕೂಲಸ್ಥರು ಮನೆಯ ನಡುವೆ ತೊಟ್ಟಿಯನ್ನು ಮಾಡಿ, ಗೋಡೆಗೆ ಬೇಡವಾದ ಗವಾಕ್ಷವನ್ನು ಆಕಾಶಕ್ಕೇ ತೆರೆದರು. ತೊಟ್ಟಿಮನೆಯಲ್ಲಿ ಕಳ್ಳನಿಗೂ ಹುಲಿಗೂ ಹೊರಗಿನಿಂದ ದಾರಿಯಿಲ್ಲ. ಒಳಗಿನವರಿಗೆ ಬಿಸಿಲು, ಮಳೆ, ನಕ್ಷತ್ರಗಳೆಲ್ಲ ಅಂಗಳದಲ್ಲಿಯೇ ದೊರೆಯುತ್ತಿದ್ದುವು.

ಭಯಕ್ಕೆ ಕಾರಣವೂ ಇಲ್ಲದಿರಲಿಲ್ಲ. ಟಿಪ್ಪು ಸುಲ್ತಾನನು ೧೭೯೨ರಲ್ಲಿ ಸಕಲೇಶಪುರದ ಬಳಿಯ ಗುಡ್ಡದ ಮೇಲೆ ಎಂಟು ಮೂಲೆಗಳುಳ್ಳ ನಕ್ಷತ್ರಾಕಾರದ ಕೋಟೆಯನ್ನು ಯೂರೋಪಿನ ಕ್ರಮದಂತೆ ಕಟ್ಟಿಸಿ ಮಂಜರಾಬಾದ್ ಎಂದು ಹೆಸರಿಟ್ಟನು. ಶ್ರೀರಂಗಪಟ್ಟಣವು ಬಿದ್ದ ಮೇಲೂ ಬಲಂ ಪಾಳೆಯಗಾರನು ತಲೆಬಾಗದೆ ಅರೆಕೆರೆಯ ಕಾಡಿನಲ್ಲಿ ನಿಂತು ಕಾದಿದನು. ೧೮೦೨ರಲ್ಲಿ ಆರ್ಥರ್ ವೆಲ್ಲೆಸ್ಲಿಯು ಸೈನ್ಯದೊಡನೆ ಬಂದು ಅವನನ್ನು ಹಿಡಿದು ಗಲ್ಲಿಗೇರಿಸಿದನು. ಇಂತಹ ಕಾಲದಲ್ಲಿ ಗೋಡೆಗೆ ಅಗಲವಾದ ಕಿಟಕಿಯನ್ನಿಡುವ ಧೈರ್ಯ ಯಾರಿಗಿದ್ದೀತು? ಕೋಟೆಯ ಗೋಡೆಯ ರಂಧ್ರಗಳೂ ಕೋವಿಯ ಕೊಳವೆಗಾಗಿ ಬಿಟ್ಟವುಗಳು. ಮಂಜರಾಬಾದೆಂಬ ಹೆಸರಿಗೆ ಜನರು ಎರಡು ಅರ್ಥಗಳನ್ನು ಹೇಳುವುದುಂಟು. ಮಂಜು ಕವಿದ ಸ್ಥಳವಾದುದರಿಂದ ಆ ಹೆಸರೆಂದು ಕೆಲವರು. ಮಂಜರ್ ಎಂದರೆ ನೋಟವೆಂದು ಅರ್ಥವಾದುದರಿಂದ ನೋಟದ ಊರೆಂದು ಇನ್ನು ಕೆಲವರು. ಮಂಜನ್ನು ಹೊರಗಿಟ್ಟು ನೋಟವನ್ನು ಒಳತರುವ ಉಪಾಯವು ಮಾತ್ರ ಆಗಿನ ಮನೆಗಳಿಗೆ ದೊರೆತಿರಲಿಲ್ಲ.

ಹಳೆಯ ಮನೆಯ ವ್ಯವಸ್ಥೆಯನ್ನು ಹೊಗಳುವವರು ಒಂದು ಸಂಗತಿಯನ್ನು ಗಮನಿಸತಕ್ಕುದು. ದೊರೆತ ಅಲ್ಪ ಬೆಳಕು ಮನೆಯ ಎಲ್ಲರಿಗೂ ಸಮವಾಗಿ ಹಂಚಿಹೋಗುತ್ತಿರಲಿಲ್ಲ. ಜಗಲಿಯು ತೆರೆದಿದ್ದಿತು, ಅಲ್ಲಿ ಗಂಡಸರು ಕುಳಿತು ಲೆಕ್ಕಪತ್ರಗಳನ್ನು ನೋಡುತ್ತಿದ್ದರು, ಅತಿಥಿಗಳೊಡನೆ ಮಾತನಾಡುತ್ತಿದ್ದರು. ತೊಟ್ಟಿಯ ಸುತ್ತ ಇಷ್ಟಿಷ್ಟು ಬೆಳಕಿದ್ದಿತು. ಹಿಂಭಾಗದ ಅಡಿಗೆಯ ಮನೆಗೆ ಹೋದರೆ ನಡುಹಗಲಿನಲ್ಲಿಯೂ ದೀಪ ಬೇಕಾಗುತ್ತಿದ್ದಿತು. ಒದ್ದೆ ಸೌದೆಯ ಹೊಗೆಯು ಗೋಡೆಯನ್ನೂ ತೊಲೆಯನ್ನೂ ಕಪ್ಪಾಗಿಸಿ, ಹೊದಿಕೆಯ ಸಂದುಗಳಲ್ಲಿ ನುಸುಳಿ ಹೋಗುತ್ತಿದ್ದಿತು. ಆ ಹೊಗೆಯಿಂದ ಹುಲ್ಲಿಗೂ ಬಿದಿರಿಗೂ ಹುಳು ಹಿಡಿಯದು, ಅಟ್ಟದ ಮೇಲಿನ ಪದಾರ್ಥಗಳು ಮಳೆಗಾಲದಲ್ಲಿಯೂ ಒಣಗಿರುವುವು ಎಂಬುದು ಸತ್ಯ. ಆದರೆ ಅಟ್ಟವನ್ನು ಕಾಪಾಡಿದ ಅದೇ ಹೊಗೆಯು ಅದರ ಕೆಳಗೆ ನಿಂತು ಅಡಿಗೆ ಮಾಡುವವರ ಕಣ್ಣನ್ನೂ ಎದೆಯನ್ನೂ ಕೆಡಿಸುತ್ತಿದ್ದಿತು. ಗಾಳಿಯ ದಾರಿಯು ಎಲ್ಲಿ ಅತ್ಯಾವಶ್ಯಕವೋ ಅಲ್ಲಿಯೇ ಅದನ್ನು ತೆರೆಯುವುದು ಕೊನೆಗೆ ಉಳಿಯಿತು.

ಗಾಳಿಯಿಂದ ಬೆಳಕನ್ನು ಬೇರ್ಪಡಿಸಿ, ಗಾಳಿಯನ್ನು ತಡೆದು ಬೆಳಕೊಂದನ್ನೇ ಒಳಬಿಡುವ ವಸ್ತುವು ಗಾಜು. ಇಂಗ್ಲೆಂಡಿನಲ್ಲಿಯೂ ಅದು ಬಹುಕಾಲ ಸುಲಭವಾಗಿರಲಿಲ್ಲ. ೧೬೯೬ರಿಂದ ಅಲ್ಲಿನ ಸರ್ಕಾರವು ಮನೆಯ ಕಿಟಕಿಗಳನ್ನೆಣಿಸಿ ತೆರಿಗೆ ವಿಧಿಸುತ್ತಿದ್ದಿತು. ತೆರಿಗೆಗಂಜಿ ಜನರು ಇದ್ದ ಕಿಟಕಿಗಳನ್ನೇ ಇಟ್ಟಿಗೆಯಿಂದ ಮುಚ್ಚಿದರು. ಹಾಗೆ ಮುಚ್ಚಿದ ಕುರುಹುಗಳು ಆ ದೇಶದ ಹಳೆಯ ಮನೆಗಳಲ್ಲಿ ಇಂದಿಗೂ ಕಾಣುವುವು. ಗಾಜಿನ ತೂಕದ ಮೇಲಿನ ಸುಂಕವು ೧೮೪೫ರಲ್ಲಿಯೂ, ಕಿಟಕಿಯ ತೆರಿಗೆಯು ೧೮೫೧ರಲ್ಲಿಯೂ ರದ್ದಾದುವು. ಆ ೧೮೫೧ರಲ್ಲಿಯೇ ಲಂಡನ್ ನಗರದ ಮಹಾಪ್ರದರ್ಶನಕ್ಕಾಗಿ ಸುಮಾರು ೩ ಲಕ್ಷ ಗಾಜಿನ ಹಲಗೆಗಳಿಂದ ಸ್ಫಟಿಕಭವನವನ್ನು ಕಟ್ಟಿದರು.

ಮಂಜರಾಬಾದಿಗೆ ಯೂರೋಪಿಯನ್ನರು ಕಾಫಿ ತೋಟಕ್ಕಾಗಿ ಬಂದುದೂ ಇದೇ ಕಾಲದಲ್ಲಿ. ಗ್ರೀನ್ ಎಂಬಾತನು ೧೮೪೩ರಲ್ಲಿ ದಕ್ಷಿಣ ಮಂಜರಾಬಾದಿನಲ್ಲಿ ತೋಟವನ್ನು ಆರಂಭಿಸಿದನು. ಅನಂತರ ಬಂದ ರಾಬರ್ಟ್ ಎಲಿಯಟ್ಟನು ಈ ನಾಡಿನ ತೋಟದ ಜೀವನವನ್ನು ವರ್ಣಿಸಿ ೧೮೭೧ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ತೋಟದ ಬಂಗಲೆಗಳು ಹೊರಮುಖವಾದುವು. ತೊಟ್ಟಿಯ ಬದಲು ಸುತ್ತಲೂ ಪಡಸಾಲೆ. ಅದರ ಹಿಂದೆ ಗಾಜಿನ ಕದಗಳುಳ್ಳ ಎತ್ತರದ ಕಿಟಕಿಗಳು. ಮಳೆಯನ್ನು ಪಡಸಾಲೆಯ ಮಾಡು ತಡೆಯುತ್ತಿದ್ದಿತು. ಚಳಿಯನ್ನು ಗಾಜು ತಡೆಯುತ್ತಿದ್ದಿತು. ಮಂಜಿನ ದಿನಗಳಲ್ಲಿ ಒಳಗೆ ಬೆಚ್ಚಗೆ ಕುಳಿತು ಹೊರಗಿನ ಗುಡ್ಡವನ್ನು ನೋಡುವ ಭಾಗ್ಯವು ಹೀಗೆ ಈ ನಾಡಿಗೆ ಬಂದಿತು. ೧೮೬೦ರ ದಶಕದಲ್ಲಿ ಹೇಮಾವತಿಯ ತಡಿಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಇಗರ್ಜಿಯಲ್ಲಿ ಮೇಲೆ ಮೊನಚಾದ ಎತ್ತರದ ಕಿಟಕಿಗಳಿದ್ದುವು. ಗೊರೂರಿನ ಅಣೆಕಟ್ಟಿನ ನೀರಿನಲ್ಲಿ ಆ ಕಟ್ಟಡವು ಮಳೆಗಾಲದಲ್ಲಿ ಅರ್ಧ ಮುಳುಗುವುದು. ಕದವಾಗಲಿ ಗಾಜಾಗಲಿ ಉಳಿಯದ ಆ ಕಮಾನುಗಳಲ್ಲಿ ಈಗ ನೀರೂ ಹಕ್ಕಿಗಳೂ ಓಡಾಡುವುವು.

ಸಾಮಾನ್ಯ ಜನರ ಮನೆಗೆ ಗಾಜು ಬಂದುದು ಮಾಡಿನ ಕಡೆಯಿಂದ. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಕೆಂಪು ಹೆಂಚು ಕ್ರಮಕ್ರಮವಾಗಿ ಘಟ್ಟದ ಮೇಲಿನ ಹುಲ್ಲಿನ ಹೊದಿಕೆಯನ್ನು ತೆಗೆಸಿತು. ಹೆಂಚಿನ ಸಾಲಿನ ನಡುವೆ ಅದೇ ಆಕಾರದ ಗಾಜಿನ ಹೆಂಚೊಂದನ್ನು ಸೇರಿಸಿದರೆ, ಕತ್ತಲೆಯ ಕೋಣೆಯ ನೆಲದ ಮೇಲೆ ಬೆಳಕಿನ ತುಂಡೊಂದು ಬೀಳುವುದು. ಹೊತ್ತು ಏರಿದಂತೆ ಅದು ಗೋಡೆಯಿಂದ ಗೋಡೆಗೆ ಸರಿಯುವುದು. ಅಲ್ಪವ್ಯಯದಿಂದ ಬೆಳಕನ್ನು ಪಡೆಯಲು ಇಷ್ಟು ಸುಲಭವಾದ ಉಪಾಯವು ಮತ್ತೊಂದಿಲ್ಲ. ಆದರೆ ಗಾಜಿನ ಹೆಂಚಿನಿಂದ ಬೆಳಕು ಬರುವುದೇ ಹೊರತು ಗಾಳಿಯು ಬಾರದು, ಹೊಗೆಯು ಹೋಗದು.

ಗಾಳಿಯ ಮಹತ್ತ್ವವನ್ನು ಜನರಿಗೆ ಮನಗಾಣಿಸಿದುದು ಮಹಾಮಾರಿ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಹೊಕ್ಕಾಗ ಇಕ್ಕಟ್ಟಾದ ಕೇರಿಗಳ ಕತ್ತಲೆಯ ಮನೆಗಳೇ ಅದಕ್ಕೆ ನೆಲೆಯೆಂದು ಬಗೆದು, ವಿಶಾಲವಾದ ಬಡಾವಣೆಗಳಿಗೆ ಜನರು ಸಾಗಿದರು. ಮೈಸೂರು ನಗರದ ಇಕ್ಕಟ್ಟನ್ನು ಬಿಡಿಸಲು ೧೯೦೩ರಲ್ಲಿ ನಗರಾಭಿವೃದ್ಧಿಯ ಮಂಡಲಿಯು ಸ್ಥಾಪಿತವಾಯಿತು. ರೋಗವನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂಬುದು ಅನಂತರ ನಿಶ್ಚಿತವಾಯಿತಾದರೂ, ಮನೆಗೆ ಗಾಳಿ ಬೆಳಕುಗಳು ಬೇಕೆಂಬ ಬುದ್ಧಿಯು ಮಾತ್ರ ಜನರಲ್ಲಿ ನಿಂತಿತು. ೧೯೫೯ರಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್ಟನ್ ಸಂಸ್ಥೆಯವರು ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಸಮತಲವಾದ ಹಲಗೆಗಳನ್ನು ಮಾಡುವ ಕ್ರಮವನ್ನು ಪ್ರಕಟಿಸಿದರು. ಆ ಕ್ರಮದಿಂದ ಭಾರತದಲ್ಲಿಯೂ ಗಾಜು ತಯಾರಾಗತೊಡಗಿದ ಮೇಲೆ, ಬಂಗಲೆಯ ದೊರೆಗಳಿಗೆ ಮಾತ್ರ ದೊರೆಯುತ್ತಿದ್ದ ವಸ್ತುವು ಪೇಟೆಯ ಅಂಗಡಿಯಲ್ಲಿ ಎಲ್ಲರಿಗೂ ದೊರೆಯುವಂತಾಯಿತು.

ಇಂದಿನ ಕಷ್ಟವು ಬೇರೆ ವಿಧವಾದುದು. ಮೊದಲು ಆಯ್ದುಕೊಳ್ಳಲು ವಸ್ತುವಿರಲಿಲ್ಲ. ಈಗ ಮರ, ಕಬ್ಬಿಣ, ಅಲ್ಯುಮಿನಿಯಂ, ಯುಪಿವಿಸಿ, ಸಿಮೆಂಟಿನ ಚೌಕಟ್ಟು ಹೀಗೆ ಹಲವು ಬಗೆಗಳಿದ್ದು, ಯಾವುದಕ್ಕೆ ಹಣವನ್ನು ವೆಚ್ಚ ಮಾಡಬೇಕೆಂಬುದೇ ಪ್ರಶ್ನೆಯಾಗಿದೆ. ಮೇಲಿನ ಚರಿತ್ರೆಯನ್ನು ನೋಡಿದವರಿಗೆ ಇದರ ಉತ್ತರವು ಕ್ರಮವಾಗಿ ಹೊಳೆಯುವುದು.

ಮೊದಲನೆಯದಾಗಿ ಅಳತೆ. ರಾಷ್ಟ್ರೀಯ ಕಟ್ಟಡ ಸಂಹಿತೆಯು ಕೋಣೆಯ ನೆಲದ ವಿಸ್ತೀರ್ಣಕ್ಕೆ ತಕ್ಕಂತೆ ತೆರಪಿನ ಪ್ರಮಾಣವನ್ನು ಹೇಳಿರುವುದು: ಚಳಿಯ ದೇಶಕ್ಕೆ ೧೨ರಲ್ಲಿ ೧ ಪಾಲು, ಮಧ್ಯಮ ಹವೆಗೆ ೮ರಲ್ಲಿ ೧ ಪಾಲು, ತೇವವೂ ಸೆಕೆಯೂ ಇರುವ ದೇಶಕ್ಕೆ ೬ರಲ್ಲಿ ೧ ಪಾಲು. ತೇವವಿದ್ದು ಸೆಕೆಯಿಲ್ಲದ ಈ ಗುಡ್ಡಗಳಲ್ಲಿ ಕೊನೆಯ ಎರಡರ ನಡುವೆ ನಿಂತರೆ ಸಾಕು. ೧೨ ಅಡಿ ಉದ್ದ ೧೦ ಅಡಿ ಅಗಲದ ಕೋಣೆಗೆ ೧೫ರಿಂದ ೨೦ ಚದರಡಿ ತೆರಪು ಬೇಕೆಂದಾಯಿತು. ೩ ಅಡಿ ಉದ್ದಗಲದ ಎರಡು ಕಿಟಕಿಗಳಿಂದ ೧೮ ಚದರಡಿ ಆಗುವುದು. ಇವೆರಡನ್ನೂ ಒಂದೇ ಗೋಡೆಗೆ ಇಡದೆ ಬೇರೆಬೇರೆ ಗೋಡೆಗಳಲ್ಲಿಟ್ಟರೆ ಒಂದರಲ್ಲಿ ಬಂದ ಗಾಳಿಯು ಇನ್ನೊಂದರಲ್ಲಿ ಹೊರಡುವುದು. ಗೋಡೆಯಗಲದ ಒಂದೇ ಗಾಜಿನ ಕಿಟಕಿಗಿಂತ ಇದಕ್ಕೆ ವೆಚ್ಚವೂ ಕಡಮೆ. ಮನೆಯ ಎಲ್ಲ ಕಿಟಕಿಗಳನ್ನೂ ಒಂದೆರಡು ಅಳತೆಗಳಲ್ಲಿಯೇ ಮಾಡಿಸಿದರೆ ಬಡಗಿಯ ಕೆಲಸವೂ ವಸ್ತುವಿನ ನಷ್ಟವೂ ತಗ್ಗುವುವು.

ಎರಡನೆಯದಾಗಿ ದಿಕ್ಕು ಮತ್ತು ಸೂರು. ಮಳೆಯು ಪಶ್ಚಿಮದಿಂದ ಹೊಡೆಯುವುದರಿಂದ ಆ ಮುಖದ ಕಿಟಕಿಗಳು ಕಡಮೆಯಾಗಿಯೂ ಚಿಕ್ಕವಾಗಿಯೂ ಇರತಕ್ಕುದು; ಪೂರ್ವ ಉತ್ತರಗಳ ಕಡೆ ಧಾರಾಳವಾಗಿ ತೆರೆಯಬಹುದು. ಬಯಲುಸೀಮೆಯಲ್ಲಿ ಸಾಕಾಗುವ ಗೇಣಗಲದ ಸಜ್ಜೆಯು ಇಲ್ಲಿ ಸಾಲದು. ಎರಡು ಅಡಿಯಾದರೂ ಚಾಚಿರಬೇಕು. ಸಜ್ಜೆಯ ಅಡಿಯಂಚಿನಲ್ಲಿ ಬೆರಳಗಲದ ಗೀರೊಂದನ್ನು ಬಿಡಿಸಿದರೆ ನೀರು ಗೋಡೆಯ ಕಡೆ ಹರಿಯದೆ ಅಲ್ಲಿಯೇ ತೊಟ್ಟಿಕ್ಕುವುದು. ಕಿಟಕಿಯ ಕೆಳಗಟ್ಟೆಯು ಹೊರಕ್ಕೆ ಇಳಿಜಾರಾಗಿರಬೇಕು. ಇವು ಮೇಸ್ತ್ರಿಗೆ ಮೊದಲೇ ಹೇಳಿದರೆ ಹೆಚ್ಚು ವೆಚ್ಚವಿಲ್ಲದೆ ಆಗುವ ಕೆಲಸಗಳು. ಮರೆತರೆ ಎಷ್ಟು ಬೆಲೆಯ ಕಿಟಕಿಯನ್ನು ತಂದಿಟ್ಟರೂ ಗೋಡೆಯು ಪಾಚಿ ಕಟ್ಟುವುದು ತಪ್ಪದು.

ಮೂರನೆಯದಾಗಿ ಚೌಕಟ್ಟು. ತೇಗ, ಹಲಸು, ಹೆಬ್ಬಲಸು, ಹೊನ್ನೆಗಳ ಚೇಗು ತಲೆಮಾರುಗಳವರೆಗೆ ಬಾಳುವುದು. ತೊಗಟೆಯ ಕಡೆಯ ಬೆಳುಮರವನ್ನು ಸೇರಿಸಿದರೆ ಹುಳು ಅಲ್ಲಿಂದಲೇ ಹಿಡಿಯುವುದು. ಚೆನ್ನಾಗಿ ಒಣಗದ ಮರದ ಕದಗಳು ಮಳೆಗಾಲದಲ್ಲಿ ಉಬ್ಬಿ ಮುಚ್ಚಲಾಗದೆ, ಬೇಸಗೆಯಲ್ಲಿ ಕುಗ್ಗಿ ಸಂದು ಬಿಡುವುವು. ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಕೈಗೆ ಸುಲಭವಾಗಿ ಸಿಕ್ಕುವುದಾದರೂ ಮಳೆಗೆ ಒಡ್ಡಲು ತಕ್ಕುದಲ್ಲ. ಕಬ್ಬಿಣವು ಅಗ್ಗವೂ ಬಲವೂ ಆದುದು, ಆದರೆ ಬಣ್ಣವನ್ನು ಕಾಲಕಾಲಕ್ಕೆ ಬಳಿಯದಿದ್ದರೆ ಈ ತೇವದಲ್ಲಿ ತುಕ್ಕು ಬೇಗ ಹಿಡಿಯುವುದು. ಅಲ್ಯುಮಿನಿಯಂ, ಯುಪಿವಿಸಿಗಳಿಗೆ ಗೆದ್ದಲೂ ಇಲ್ಲ, ತುಕ್ಕೂ ಇಲ್ಲ. ಅವುಗಳಲ್ಲಿ ಪರೀಕ್ಷಿಸತಕ್ಕುದು ಪಟ್ಟಿಯ ದಪ್ಪವನ್ನೂ, ಯುಪಿವಿಸಿಯಾದರೆ ಒಳಗೆ ಉಕ್ಕಿನ ಪಟ್ಟಿಯಿದೆಯೇ ಎಂಬುದನ್ನೂ. ಜಾರುವ ಕದಗಳ ಕಿಟಕಿಯು ಅರ್ಧವೇ ತೆರೆಯುವುದು, ಅದರ ಹಳಿಯಲ್ಲಿ ನೀರು ನಿಲ್ಲುವುದು. ಕೀಲಿನ ಮೇಲೆ ತಿರುಗುವ ಕದವು ಪೂರ್ತಿಯಾಗಿ ತೆರೆದು, ಮುಚ್ಚಿದಾಗ ಒತ್ತಿ ಕೂರುವುದರಿಂದ ಮಳೆಯ ಸೀಮೆಗೆ ಅದೇ ಲೇಸು. ಕೀಲು ಚಿಲಕಗಳಲ್ಲಿ ಉಳಿಸಿದ ಹಣವು ಎರಡನೆಯ ಮಳೆಗಾಲದಲ್ಲಿಯೇ ವೆಚ್ಚವಾಗಿ ಹೋಗುವುದು.

ಮಿತವ್ಯಯಕ್ಕೆ ಇನ್ನೊಂದು ದಾರಿಯುಂಟು. ಹಳೆಯ ಮನೆಗಳನ್ನು ಕೆಡವುವಾಗ ಬೀಟೆ, ಹಲಸುಗಳ ಚೌಕಟ್ಟುಗಳನ್ನು ವ್ಯಾಪಾರಿಗಳು ಕೊಂಡೊಯ್ಯುವರು. ಅವು ದೂರದ ನಗರಗಳಲ್ಲಿ ಅಲಂಕಾರಕ್ಕಾಗಿ ಬೆಲೆಬಾಳುವ ವಸ್ತುಗಳಾಗುವುವು. ಅವನ್ನು ಮಾರಿದ ಮನೆಯವರು ಅದೇ ಹಣಕ್ಕೆ ಹೊಸ ಹಸಿಮರವನ್ನು ತರುವರು. ನೂರು ಮಳೆಗಾಲಗಳನ್ನು ಕಂಡು ಒಣಗಿ ಗಟ್ಟಿಯಾದ ಮರಕ್ಕಿಂತ ಉತ್ತಮವಾದುದು ಪೇಟೆಯಲ್ಲಿ ದೊರೆಯುವುದು ಅಪೂರ್ವ. ಹಳೆಯ ಚೌಕಟ್ಟು ಅಳತೆಯಲ್ಲಿ ಚಿಕ್ಕದಾದರೆ ಎರಡನ್ನು ಜೋಡಿಸಬಹುದು; ಸಲಾಕೆಗಳ ಹಿಂದೆ ಗಾಜಿನ ಕದವನ್ನೂ ಸೊಳ್ಳೆಯ ಜಾಲರಿಯನ್ನೂ ಸೇರಿಸಬಹುದು. ಹೀಗೆ ಮಾಡಿದರೆ ಅಜ್ಜನ ಮನೆಯ ಮರವು ಮೊಮ್ಮಗನ ಮನೆಯಲ್ಲಿ ಬೆಳಕನ್ನು ಕೊಡುವುದು. ಆಲೂರು ಸಕಲೇಶಪುರಗಳ ಕಡೆ ಆನೆಗಳ ಓಡಾಟವು ಹೆಚ್ಚಾಗಿರುವುದರಿಂದ, ಭತ್ತ ಅಕ್ಕಿಗಳನ್ನು ತಗ್ಗಾದ ಕಿಟಕಿಯ ಬಳಿ ಶೇಖರಿಸದಿರುವುದೂ ವಿವೇಕ. ಕುಂಜರಾಕ್ಷವು ಗೋಡೆಯಲ್ಲಿದ್ದರೆ ಚೆಂದ. ಕುಂಜರವೇ ಬಂದು ಇಣುಕಿದರೆ ಸಲಾಕೆಯು ತಡೆಯಲಾರದು.

ಕೊನೆಯದಾಗಿ, ಹಣವು ಎಲ್ಲ ಕೋಣೆಗಳಿಗೂ ಸಾಲದಾದಾಗ ಮೊದಲ ಒಳ್ಳೆಯ ಕಿಟಕಿಯು ಯಾವ ಕೋಣೆಗೆ ಸಲ್ಲಬೇಕೆಂಬ ಪ್ರಶ್ನೆ. ಲೋಕದ ರೂಢಿಯಲ್ಲಿ ಅದು ಬೀದಿಯ ಕಡೆಯ ಪಡಸಾಲೆಗೆ ಸಲ್ಲುವುದು. ಬಂದವರು ನೋಡುವ ಸ್ಥಳವದು. ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಂತೆ ೨೦೨೦ನೆಯ ವರ್ಷವೊಂದರಲ್ಲಿಯೇ ಮನೆಯೊಳಗಿನ ಹೊಗೆಯ ನಿಮಿತ್ತ ಜಗತ್ತಿನಲ್ಲಿ ೩೨ ಲಕ್ಷ ಜನರು ಅಕಾಲಮರಣವನ್ನೈದಿದರು. ಅನಿಲದ ಒಲೆಯು ಮನೆಮನೆಗೆ ಬಂದಿದ್ದರೂ ಮಲೆನಾಡಿನ ಮಳೆಗಾಲದಲ್ಲಿ ಸೌದೆಯ ಒಲೆಯು ಪೂರ್ತಿಯಾಗಿ ಆರಿಲ್ಲ. ಬಚ್ಚಲ ಹಂಡೆಯ ಕೆಳಗೆ ಅದು ಉರಿಯುತ್ತಲೇ ಇದೆ. ಒಲೆಯ ಮೇಲೆ ಹೊಗೆಗೂಡು, ಅದರ ಪಕ್ಕದ ಗೋಡೆಯಲ್ಲಿ ಪೂರ್ತಿ ತೆರೆಯುವ ಒಂದು ಕಿಟಕಿ, ಎದುರು ಗೋಡೆಯಲ್ಲಿ ಸೂರಿನ ಕೆಳಗೆ ಒಂದು ಗಾಳಿಕಿಂಡಿ, ಮೇಲೆ ಒಂದು ಗಾಜಿನ ಹೆಂಚು: ಇಷ್ಟಕ್ಕೆ ತಗಲುವ ದ್ರವ್ಯವು ಪಡಸಾಲೆಯ ಅಲಂಕಾರದ ಕಿಟಕಿಯೊಂದರ ಬೆಲೆಯನ್ನು ಮೀರದಂತೆ ಮಾಡಿಸಿಕೊಳ್ಳಬಹುದು.

ಬಲ್ಲಾಳನ ಕಾಲದಲ್ಲಿ ರಕ್ಷಣೆಗಾಗಿ ಬೆಳಕನ್ನು ತೆತ್ತರು. ಪಾಳೆಯಗಾರರ ಕಾಲದ ಕಲಹದಲ್ಲಿ ಗೋಡೆಗೆ ಕಿಟಕಿಯನ್ನೇ ಇಡಲು ಅಂಜಿದರು. ತೋಟದ ಬಂಗಲೆಯವರು ಬೆಳಕನ್ನು ತಮ್ಮ ಪಡಸಾಲೆಗೆ ತಂದುಕೊಂಡರು. ಈ ಎಲ್ಲ ಕಾಲಗಳಲ್ಲಿಯೂ ಅಡಿಗೆಯ ಮನೆಯ ಸರದಿಯು ಬರಲಿಲ್ಲ. ದಿನದ ಬಹುಭಾಗವನ್ನು ಅಲ್ಲಿ ಕಳೆಯುವವರನ್ನು ಕೇಳಿ, ಅವರ ಕೈ ಎಲ್ಲಿಗೆ ಎಟುಕುವುದು, ಅವರ ಕಣ್ಣಿಗೆ ಯಾವ ಗುಡ್ಡ ಕಾಣಬೇಕು ಎಂಬುದನ್ನು ತಿಳಿದು, ಮನೆಯ ನಕ್ಷೆಯಲ್ಲಿ ಮೊದಲು ಆ ಕಿಟಕಿಯನ್ನು ಗುರುತಿಸಿ, ಬಳಿಕ ಉಳಿದವುಗಳನ್ನು ಗುರುತಿಸುವುದು ಹೊಸ ಮನೆ ಕಟ್ಟುವ ಗೃಹಸ್ಥರಿಗೆ ಉಚಿತವಾದ ಕ್ರಮ.